ನರಸಾಪುರ ಸೈಡು ಊರುಗಳು ಇಷ್ಟು ಬೆಳೀತಾವೆ, ಪಂಚಾಯತಿ ದುಡ್ಡು ಮೊದ್ಲು ಯಾವ್ದಕ್ಕೆ ಹಾಕ್ಸೋದು?

ಕೆರೆಏರಿ_ಕೋಲಾರ

ಎಲ್ರಿಗೂ ನಮಸ್ಕಾರ. ನಮ್ದು ಕೋಲಾರ ತಾಲೂಕು, ನರಸಾಪುರ ಇಂಡಸ್ಟ್ರಿಯಲ್ ಏರಿಯಾಗೆ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ, ಊರ ಹೆಸರು ಬೇಡ. ಇನ್ನೊಂದು ಹದಿನೈದು ದಿನಕ್ಕೆ ನಮ್ಮ ವಾರ್ಡ್ ಸಭೆ ಐತೆ, ಈ ಸಲ ಕ್ರಿಯಾಯೋಜನೆಗೆ ಏನು ಬರೆಸ್ಬೇಕು ಅಂತ ಅರಳಿಕಟ್ಟೆ ಮೇಲೆ ಆರು ಜನ ಕೂತ್ಕೊಂಡು ಮಾತಾಡಿದ್ವಿ, ರಾತ್ರಿ ಹತ್ತಾದ್ರೂ ಮುಗೀಲಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಮೊದ್ಲು ನಮ್ಮೂರಲ್ಲಿ ರಾಗಿ, ಟೊಮೆಟೊ, ರೇಷ್ಮೆ, ಹಾಲು, ಇಷ್ಟೇ. 2013ರಲ್ಲಿ ಹೋಂಡಾ ಫ್ಯಾಕ್ಟ್ರಿ ಶುರುವಾಯ್ತು, ಆಮೇಲೆ ಐಫೋನ್ ಜೋಡ್ಸೋ ವಿಸ್ಟ್ರಾನ್ ಬಂತು, 2023ರಲ್ಲಿ ಅದನ್ನ ಟಾಟಾದವ್ರು ತಗೊಂಡ್ರು, ಸುತ್ತಮುತ್ತ ಇನ್ನೂ ಎಷ್ಟೋ. ಕೆಲ್ಸ ಸಿಕ್ತು, ಅದನ್ನ ಬೇಡ ಅನ್ನೋನಲ್ಲ ನಾನು, ನನ್ನ ತಮ್ಮಾನೇ ಅಲ್ಲಿ ದುಡೀತಾನೆ. ಆದ್ರೆ ಊರು ಹೆಂಗಾಗೈತೆ ಅಂದ್ರೆ, ನಮ್ಮ ಪಕ್ಕದ ಮನೆಯೋರು ಹಸು ಕಟ್ತಿದ್ದ ಕೊಟ್ಟಿಗೆ ಕಿತ್ತು ಎಂಟು ರೂಮು ಹಾಕವ್ರೆ, ಒಂದೊಂದು ರೂಮಲ್ಲಿ ನಾಲ್ಕೈದು ಜನ, ಮೂರನೇ ಬೀದಿ ಪೂರ್ತಿ ಲೇಡೀಸ್ ಪಿಜಿ. ನೀರು ಬಿಡೋ ಬೋರು ಮಾತ್ರ ಅದೇ ಹಳೇದು, ಟ್ಯಾಂಕೂ ಹಳೇದೇ. ಚರಂಡೀನೂ ಅಷ್ಟೇ, ನಾನು ಸ್ಕೂಲಿಗೆ ಹೋಗುವಾಗ ಇದ್ದ ಅದೇ ಒಂದಡಿ ಅಗಲದ ಚರಂಡಿ.

ಮೊನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಕೆರೆ ಏರಿ ಮೇಲೆ ಬರ್ತಿದ್ದೆ. ನಮ್ಮ ಕೆರೆಗೆ ಮೇಲಿನ ಕೆರೆ ಕೋಡಿಯಿಂದ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿಂದ ಶುದ್ಧ ಮಾಡಿ ಕಳ್ಸೋ ಕೊಳಚೆ ನೀರು, ಬರುತ್ತೆ, ಆ ಮೂಲೇಲಿ ನೀರು ನೋಡೋಕೆ ತಿಳಿ. ಈ ಕಡೆ ಊರಿನ ರಾಜಕಾಲುವೆ ಕೆರೆಗೆ ಸೇರೋ ಜಾಗದಲ್ಲಿ ನೀರು ಕಪ್ಪಗೆ ನಿಂತೈತೆ, ಅಂಚಿಗೆ ಸೋಪಿನ ನೊರೆ, ಅದರ ಮೇಲೆ ಶಾಂಪೂ ಪ್ಯಾಕೆಟ್ಟು, ಡೈಪರು, ಅನ್ನದ ಅಗುಳು. ನಿಂತ್ಕೊಂಡು ನೋಡ್ತಾ ನೋಡ್ತಾ ಹೊಟ್ಟೆ ಉರೀತು. ಬೆಂಗಳೂರಿನ ಕೊಳಚೇನ ಎರಡು ಹಂತ ಶುದ್ಧ ಮಾಡಿ ಅಷ್ಟು ದೂರದಿಂದ ಪೈಪಲ್ಲಿ ತಂದು ಬಿಡ್ತಾವ್ರೆ, ನಮ್ಮೂರಿನ ಕೊಳಚೇನ ಒಂದು ಹಂತಾನೂ ಇಲ್ದೆ ನಾವೇ ಅದೇ ಕೆರೆಗೆ ಬಿಡ್ತಿದೀವಿ.

ಈಗ ಪ್ರಶ್ನೆ ಏನಂದ್ರೆ, ನಮ್ಮಲ್ಲಿ ಇಬ್ರು ಸಿಸಿ ರೋಡು ಮೊದ್ಲು ಅಂತಾರೆ, ಇಬ್ರು ಇನ್ನೊಂದು ಬೋರು ಕೊರೆಸಿ ಓವರ್‌ಹೆಡ್ ಟ್ಯಾಂಕ್ ಕಟ್ಸಿ ಅಂತಾರೆ, ಒಬ್ರು ಹೈಮಾಸ್ಟ್ ಲೈಟು. ನಾನು ಚರಂಡಿ ಮತ್ತೆ ಕೆರೆ ಅಂದೆ. ಎಲ್ಲಾ ಬೇಕು, ಎಲ್ಲದಕ್ಕೂ ದುಡ್ಡಿಲ್ಲ. ಈ ತರ ಬೆಳೀತಿರೋ ಊರಲ್ಲಿ ಯಾವ್ದು ಮೊದ್ಲು ಮಾಡಿದ್ರೆ ಮಿಕ್ಕಿದ್ದು ಸುಲಭ ಆಗುತ್ತೆ? ಪಂಚಾಯತಿ ಒಳಗೆ ಕೆಲ್ಸ ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಮಾಲೂರು_ಮಾಜಿಮೆಂಬರ್

ತಮ್ಮಾ, ನಾನು ಮಾಲೂರು ಕಡೆ ಒಂದು ಪಂಚಾಯತೀಲಿ ಒಂದು ಅವಧಿ ಮೆಂಬರ್ ಆಗಿದ್ದೆ, ನಿನ್ನ ಪ್ರಶ್ನೆ ಓದಿ ಹಳೇದೆಲ್ಲಾ ನೆನಪಾಯ್ತು, ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ದುಡ್ಡು ಹೆಂಗೆ ಬರುತ್ತೆ ತಿಳ್ಕೋ. 2026ರ ಮಾರ್ಚ್ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100 ರೂಪಾಯಿ ಬಂದ್ರೆ 60 ರೂಪಾಯಿ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಖರ್ಚಾಗ್ಬೇಕಿತ್ತು, ಅದು ಕಟ್ಟುಪಾಡು. ಉಳಿದ 40ರಲ್ಲೇ ರೋಡು, ಲೈಟು, ಅಂಗನವಾಡಿ ಕಾಂಪೌಂಡು ಎಲ್ಲಾ. ಸಭೇಲಿ ಜನ ಜಗಳ ಆಡ್ತಿದ್ದಿದ್ದು ಆ 40ಕ್ಕೆ, 60ರ ಕಡೆ ಯಾರೂ ತಿರುಗಿ ನೋಡ್ತಿರ್ಲಿಲ್ಲ, ಅದು ಮೋಟಾರ್ ರಿಪೇರಿ, ಪೈಪ್ ರಿಪೇರಿ ಅಂತ ಕರಗಿಹೋಗ್ತಿತ್ತು. ನೀನು ಕೇಳ್ತಿರೋ ಕೊಳಚೆ ನೀರಿನ ಕೆಲ್ಸ ಆ ನೀರು ನೈರ್ಮಲ್ಯದ ಪಾಲಲ್ಲಿ ಬರುತ್ತೆ, ರೋಡಿನೋರ ಜೊತೆ ನಿಂಗೆ ಜಗಳಾನೇ ಇಲ್ಲ. ಸಭೇಲಿ ಇದನ್ನ ಮೊದ್ಲೇ ಹೇಳ್ಬಿಡು, ಅರ್ಧ ಗಲಾಟೆ ಅಲ್ಲೇ ಮುಗಿಯುತ್ತೆ.

ಎರಡ್ನೇದು, ಅನುದಾನ ಲೆಕ್ಕ ಹಾಕೋದು 2011ರ ಜನಗಣತಿ ಮೇಲೆ. 2021ರಲ್ಲಿ ಆಗ್ಬೇಕಿದ್ದ ಗಣತಿ ಆಗ್ಲಿಲ್ಲ, ಇನ್ನ 2027ಕ್ಕೆ. ಅಲ್ಲೀವರೆಗೂ ಸರ್ಕಾರದ ಕಣ್ಣಿಗೆ ನಿಮ್ಮೂರು ಫ್ಯಾಕ್ಟ್ರಿ ಬರೋಕೆ ಮುಂಚಿನ ಊರೇ. ಆ ಎಂಟು ರೂಮಿನ ಮೂವತ್ತು ನಲವತ್ತು ಜನ ಪುಸ್ತಕದಲ್ಲಿ ಎಲ್ಲೂ ಇಲ್ಲ, ಆದ್ರೆ ನೀರು ಕುಡೀತಾರೆ, ಸ್ನಾನ ಮಾಡ್ತಾರೆ, ಕಸ ಹಾಕ್ತಾರೆ. ಜಲ ಜೀವನ್ ಮಿಷನ್‌ನೋರು ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಇಟ್ಟವ್ರೆ, ಆ ತಲೆ ಎಣಿಸೋವಾಗ ಬಾಡಿಗೆಯೋರನ್ನ ಬಿಟ್ರೆ ನಲ್ಲೀಲಿ ನೀರು ಹೆಂಗೆ ಸಾಲುತ್ತೆ ಹೇಳು. ಅದಕ್ಕೆ ನನ್ನ ಪ್ರಕಾರ ಮೊದಲ್ನೇ ಕೆಲ್ಸಕ್ಕೆ ಸಿಮೆಂಟೂ ಬೇಡ ಜೆಸಿಬೀನೂ ಬೇಡ. ಸಂಘದ ಹೆಂಗಸ್ರು ನಾಲ್ಕು ಜನ, ನೀರುಗಂಟಿ ಒಬ್ಬ, ಎರಡು ಭಾನುವಾರ ಮನೆ ಮನೆ ಹೋಗಿ ಎಷ್ಟು ರೂಮು, ಎಷ್ಟು ಜನ, ಎಷ್ಟು ಕಕ್ಕಸು, ಗುಂಡಿ ಐತಾ ಇಲ್ಲಾ ನೇರ ಚರಂಡಿಗೆ ಬಿಟ್ಟವ್ರಾ ಅಂತ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಆ ಪುಸ್ತಕ ಇಟ್ಕೊಂಡು ಹೋಗಿ ಕೂತ್ರೆ ಪಂಚಾಯತಿ ಅಧಿಕಾರಿ ಪಿಡಿಒ ಆಗ್ಲಿ ತಾಲೂಕು ಪಂಚಾಯತಿ ಅಧಿಕಾರಿ ಇಒ ಆಗ್ಲಿ ಬೇರೆ ತರ ಮಾತಾಡ್ತಾರೆ.

ಮೂರ್ನೇದು ಕಂದಾಯ. ಡಿಸಿಬಿ ರಿಜಿಸ್ಟರ್ ತೋರ್ಸಿ ಅಂತ ಸಭೇಲಿ ಕೇಳಿ, ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅಂತ ಅದ್ರಲ್ಲೇ ಇರುತ್ತೆ. ಎಂಟು ರೂಮು ಕಟ್ಟಿ ಬಾಡಿಗೆ ತಗೊಳ್ಳೋ ಮನೆಗೆ ಇನ್ನೂ ಹಳೇ ಹೆಂಚಿನ ಮನೆ ಕಂದಾಯಾನೇ ಇರುತ್ತೆ, ನಮ್ಮಲ್ಲೂ ಹಂಗೇ ಇತ್ತು. ಕೇಳಿದ್ರೆ ನೆಂಟ್ರು, ಓಟು, ಮನಸ್ತಾಪ, ಅದ್ಕೆ ಯಾರೂ ಕೇಳಲ್ಲ. ಆದ್ರೆ ಅನುದಾನದ ದುಡ್ಡು ಹಿಂಗೇ ಖರ್ಚು ಮಾಡಿ ಅಂತ ಮೇಲಿಂದ ಹೇಳ್ತಾರೆ, ಕಂದಾಯದ ದುಡ್ಡು ಪಂಚಾಯತಿ ಸ್ವಂತ ದುಡ್ಡು, ಊರೇ ಕೂತು ತೀರ್ಮಾನ ಮಾಡೋದು.

ನಂದೊಂದು ತಪ್ಪೂ ಹೇಳ್ಬೇಕು. ನನ್ನ ಅವಧೀಲಿ ನಾನೇ ಹಠ ಹಿಡಿದು ನಮ್ಮ ಬೀದಿಗೆ ಸಿಸಿ ರೋಡ್ ಹಾಕ್ಸಿದೆ, ಜನ ಹಾರ ಹಾಕಿದ್ರು. ಒಂದೂವರೆ ವರ್ಷಕ್ಕೆ ನಲ್ಲಿ ಪೈಪ್ ಹಾಕೋಕೆ ಅದೇ ರೋಡ್ ಮಧ್ಯ ಕೊಯ್ದ್ರು, ಮುಚ್ಚಿದ ಕಡೆ ಇವತ್ತಿಗೂ ಗುಂಡಿ. ಅಲ್ಲೇ ನಮ್ಮ ಅತ್ತಿಗೆ ಸ್ಕೂಟರಿಂದ ಬಿದ್ದು ಕೈ ಮುರ್ಕೊಂಡ್ರು. ಪೈಪು, ಚರಂಡಿ, ಆಮೇಲೆ ರೋಡು. ಈ ಸಾಲು ತಪ್ಪಿಸ್ಬೇಡಿ.

ಹದ್ದುಬಸ್ತು

ಮಾಜಿ ಮೆಂಬರ್ ಸಾರ್ ಹೇಳಿದ್ದು ಎಲ್ಲಾ ಸರಿ, ಆದ್ರೆ ನಾನು ಒಂದನ್ನ ಎಲ್ಲಕ್ಕಿಂತ ಮುಂದೆ ಇಡ್ತೀನಿ, ಜಾಗ. ನಾನು ಲೈಸೆನ್ಸ್ ಸರ್ವೆಯರ್ ಹತ್ರ ಅಸಿಸ್ಟೆಂಟ್ ಆಗಿ ಎಂಟು ವರ್ಷದಿಂದ ಕೆಲ್ಸ ಮಾಡ್ತಿದೀನಿ, ವೇಮಗಲ್, ನರಸಾಪುರ, ಕ್ಯಾಲನೂರು ಕಡೆ ಚೈನು ಹಿಡ್ಕೊಂಡು ಸುತ್ತದ ಹೊಲ ಇಲ್ಲ. ರೋಡ್ ಹಾಳಾದ್ರೆ ಇನ್ನೊಂದು ಸಲ ಹಾಕ್ಬಹುದು, ಬೋರು ಬತ್ತಿದ್ರೆ ಇನ್ನೊಂದು ಕೊರೀಬಹುದು, ಆದ್ರೆ ರಾಜಕಾಲುವೆ ಮೇಲೆ ಸೈಟ್ ಬಿದ್ದು ಮನೆ ಎದ್ದು ಗೃಹಪ್ರವೇಶ ಆಯ್ತು ಅಂದ್ರೆ ಆ ಕಾಲುವೆ ವಾಪಸ್ ಬರಲ್ಲ, ಬಂದ್ರೂ ಕೋರ್ಟಲ್ಲಿ ಒಂದು ತಲೆಮಾರು ಕಳಿಯುತ್ತೆ.

2021ರ ನವೆಂಬರ್ ಮಳೆ ನೆನಪಿದೆಯಾ? ಎಷ್ಟೋ ವರ್ಷದಿಂದ ತುಂಬದೇ ಇದ್ದ ಕೆರೆಗಳೆಲ್ಲಾ ಕೋಡಿ ಹೋದ್ವು, ಜನ ಬಾಗಿನ ಬಿಟ್ರು, ಖುಷಿ ಪಟ್ರು. ಅದೇ ವಾರ ಒಂದು ಲೇಔಟಿಗೆ ಅಳತೆಗೆ ಅಂತ ಹೋಗಿದ್ದೆ, ಮೊಣಕಾಲು ತನಕ ನೀರು, ಮನೆಯೋರು ಅಕ್ಕಿ ಮೂಟೆ ಮಂಚದ ಮೇಲೆ ಇಟ್ಕೊಂಡು ಕೂತಿದ್ರು. ಗ್ರಾಮ ನಕ್ಷೆ ಬಿಚ್ಚಿ ನೋಡಿದ್ರೆ ಕೆರೆಯಿಂದ ಕೆರೆಗೆ ಹೋಗೋ ಕಾಲುವೆ ಆ ಮನೆ ಹಾಲಲ್ಲೇ ಹೋಗುತ್ತೆ. ಅವ್ರದ್ದೇನು ತಪ್ಪು ಹೇಳಿ, ಸಾಲ ಮಾಡಿ ಸೈಟ್ ತಗೊಂಡೋರು, ಪಂಚಾಯತಿ ಕೊಡೋ ಆಸ್ತಿ ಪತ್ರ ನಮೂನೆ 9 ನೋಡಿ ನಂಬ್ಕೊಂಡಿದ್ರು.

ಹೆಂಗೆ ಮಾಡ್ಬೇಕು ಅಂದ್ರೆ, ಫೋನಿಗೆ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ಸರ್ಕಾರದ್ದೇ, ಫ್ರೀ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಕೆರೆ ಕಾಲುವೆನೂ ತೋರಿಸುತ್ತೆ. ಅದನ್ನೇ ಪೂರ್ತಿ ನಂಬ್ಕೋಬೇಡಿ, ನಾಲ್ಕಾರು ಮೀಟರ್ ಆ ಕಡೆ ಈ ಕಡೆ ಆಗುತ್ತೆ, ಆದ್ರೆ ಎಲ್ಲಿ ಅನುಮಾನ ಪಡ್ಬೇಕು ಅಂತ ಗೊತ್ತಾಗುತ್ತೆ. ಆಮೇಲೆ ಗ್ರಾಮ ನಕ್ಷೆ ಕಾಪಿ ತಗೊಂಡು ಕಾಲುವೆ ಉದ್ದಕ್ಕೂ ಒಂದು ದಿನ ನಡೀರಿ. ನಡೆದು ನೋಡಿದ್ದನ್ನ ಬರೆದು, ಕಾಲುವೆಗೆ ಹದ್ದುಬಸ್ತು ಮಾಡಿ, ಅಂದ್ರೆ ಅಳತೆ ಮಾಡಿ ಗಡಿ ಗುರ್ತಿಸಿ, ಕಲ್ಲು ನೆಡ್ಸಿ ಅಂತ ವಾರ್ಡ್ ಸಭೇಲಿ ಠರಾವು ಮಾಡ್ಸಿ ತಹಶೀಲ್ದಾರ್‌ಗೆ ಕಳ್ಸಿ. ಒಬ್ಬೊಬ್ರೇ ಹೋಗಿ ಅರ್ಜಿ ಕೊಟ್ರೆ ಪಕ್ಕದ ಹೊಲದೋನಿಗೂ ನಿಮಗೂ ವೈರ ಬೆಳೆಯುತ್ತೆ ಅಷ್ಟೇ, ಸಭೆ ಠರಾವು ಅಂದ್ರೆ ಊರಿನ ಮಾತು.

ನಿಮ್ಮೂರಿಗೆ ಇನ್ನೂ ಟೈಮ್ ಇದೆ. ವೇಮಗಲ್ ಕುರುಗಲ್ ಸೇರಿಸಿ ಪಟ್ಟಣ ಪಂಚಾಯತಿ ಮಾಡಾಯ್ತು, ನಾಳೆ ನಿಮ್ಮ ಕಡೇನೂ ಹಂಗೇ ಆಗ್ಬಹುದು, ಅಷ್ಟೊತ್ತಿಗೆ ಕಾಲುವೆ, ಗುಂಡುತೋಪು, ಸ್ಮಶಾನ, ಗೋಮಾಳ ಉಳ್ಕೊಂಡಿರ್ಬೇಕು.

ಪಾವಗಡದ_ಹುಡುಗಿ

ನಾನು ಬಾಡಿಗೆಯೋಳು, ಹೇಳ್ಬಹುದಾ ಗೊತ್ತಿಲ್ಲ, ಆದ್ರೂ ಹೇಳ್ತೀನಿ. ನಮ್ಮೂರು ಪಾವಗಡ ತಾಲೂಕು, ಇಲ್ಲಿ ನರಸಾಪುರದಲ್ಲಿ ಕೆಲ್ಸ, ನಿಮ್ಮೂರಿನಂಥದೇ ಒಂದು ಊರಲ್ಲಿ ಆರು ಜನ ಹುಡುಗೀರು ಒಂದು ರೂಮಲ್ಲಿದೀವಿ.

ಹೈಮಾಸ್ಟ್ ಲೈಟ್ ಕೇಳಿದೋರನ್ನ ಸುಮ್ನೆ ಪಕ್ಕಕ್ಕಿಡ್ಬೇಡಿ ಅಣ್ಣ. ಆದ್ರೆ ಅವ್ರು ಕೇಳ್ತಿರೋ ಜಾಗ ಸರಿ ಇಲ್ಲ ಅನ್ಸುತ್ತೆ. ಹೈಮಾಸ್ಟ್ ಯಾವಾಗ್ಲೂ ಸರ್ಕಲ್‌ನಲ್ಲಿ, ದೇವಸ್ಥಾನದ ಮುಂದೆ ಹಾಕ್ತಾರೆ, ಅಲ್ಲಿ ಆಗ್ಲೇ ಅಂಗಡಿ ಲೈಟ್ ಇರುತ್ತೆ. ಕಂಪನಿ ಬಸ್ಸು ನಮ್ಮನ್ನ ಮೇನ್ ರೋಡಲ್ಲಿ ಇಳಿಸಿ ಹೋಗುತ್ತೆ, ಅಲ್ಲಿಂದ ರೂಮಿಗೆ ಏಳು ನೂರು ಹೆಜ್ಜೆ, ನಾನು ಎಣಿಸಿದೀನಿ. ಅದ್ರಲ್ಲಿ ಮೊದಲ್ನೇ ಇನ್ನೂರು ಹೆಜ್ಜೆ ಲೈಟಿದೆ, ಆಮೇಲೆ ನೀಲಗಿರಿ ತೋಪಿನ ಪಕ್ಕ ಪೂರ್ತಿ ಕತ್ತಲೆ, ಕಂಬ ಇದೆ, ಬಲ್ಬ್ ಇಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಆರೂ ಜನ ಕೈ ಹಿಡ್ಕೊಂಡು ಫೋನ್ ಟಾರ್ಚ್ ಹಾಕ್ಕೊಂಡು ನಡೀತೀವಿ, ಯಾರಾದ್ರೂ ಬೈಕ್ ಸ್ಲೋ ಮಾಡಿದ್ರೆ ಎದೆ ಢವಢವ ಅನ್ನುತ್ತೆ. ಹತ್ತು ಎಲ್‌ಇಡಿ ಬಲ್ಬಿನ ಕೆಲ್ಸ ಅದು, ಒಂದು ಹೈಮಾಸ್ಟ್ ದುಡ್ಡಲ್ಲಿ ಊರಿನ ಎಲ್ಲಾ ಕತ್ತಲೆ ಮೂಲೆಗೂ ಬಲ್ಬ್ ಹಾಕ್ಬಹುದು.

ನೀರಿಂದು, ನಾವು ಶುದ್ಧ ನೀರಿನ ಘಟಕಕ್ಕೆ ಐದ್ರೂಪಾಯಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ಹಿಡ್ಕೊಳ್ತೀವಿ. ಪಾವಗಡದಲ್ಲಿ ಬೆಳೆದಿರೋಳು ನಾನು, ಫ್ಲೋರೈಡ್ ಏನು ಮಾಡುತ್ತೆ ಅಂತ ನಮ್ಮಜ್ಜಿ ಮೊಣಕಾಲು ನೋಡಿ ಗೊತ್ತು, ಅವ್ರು ಕೂತ್ರೆ ಎದ್ದೇಳೋಕೆ ಇಬ್ರು ಬೇಕು. ಅದಕ್ಕೆ ಬೋರ್ ನೀರು ಕುಡಿಯಲ್ಲ. ಆದ್ರೆ ಇಲ್ಲಿ ಘಟಕ ತಿಂಗಳಲ್ಲಿ ಹತ್ತು ದಿನ ಕೆಟ್ಟಿರುತ್ತೆ, ಆಗ ಅಂಗಡೀಲಿ ಕ್ಯಾನಿಗೆ 30 ರೂಪಾಯಿ. ಹೊಸ ಬೋರ್ ಕೊರೆಸೋ ಮುಂಚೆ ಇರೋ ಘಟಕಕ್ಕೆ ಟೈಮಿಗೆ ಫಿಲ್ಟರ್ ಬದಲಾಯಿಸಿ, ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಬೋರ್ಡಲ್ಲಿ ಬರೆದು ಹಾಕಿ ಅಂತ ನನ್ನ ಕೋರಿಕೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು ಅಷ್ಟೇ, ಓದೋಕೆ ಬರೋ ಯಾರಿಗಾದ್ರೂ ಅರ್ಥ ಆಗುತ್ತೆ.

ನಮಗೆ ಇಲ್ಲಿ ಓಟಿಲ್ಲ, ಅದಕ್ಕೆ ನಮ್ಮನ್ನ ಯಾವ ಸಭೆಗೂ ಕರೆಯಲ್ಲ. ಬಾಡಿಗೆ ಕಟ್ತೀವಿ, ಅಂಗಡಿ ವ್ಯಾಪಾರ ನಮ್ಮಿಂದ, ಆದ್ರೂ ಚರಂಡಿ ಕಟ್ಕೊಂಡ್ರೆ ಪಿಜಿ ಹುಡುಗೀರು ಅಂತ ನಮ್ಮನ್ನೇ ಬೈತಾರೆ. ನಾವು ಕಸ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳೇ ಇಲ್ಲ. ಕಸದ ಗಾಡಿ ಸ್ವಚ್ಛವಾಹಿನಿ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೆ, ಫಸ್ಟ್ ಶಿಫ್ಟ್ ಇದ್ರೆ ನಾವು ಐದೂವರೆಗೇ ಹೊರಟಿರ್ತೀವಿ.

ಕೆರೆಏರಿ_ಕೋಲಾರ

ಅಕ್ಕಾ, ಧಾರಾಳವಾಗಿ ಹೇಳ್ಬಹುದು, ಇದನ್ನ ನಮ್ಮ ಆರು ಜನದಲ್ಲಿ ಒಬ್ರೂ ಯೋಚನೆ ಮಾಡಿರ್ಲಿಲ್ಲ. ಸ್ವಚ್ಛವಾಹಿನಿ ಟೈಮಿಂಗ್ ಮಾತು ನಮ್ಮೂರಿಗೂ ಅಷ್ಟೇ ನಿಜ. ನಿನ್ನೆ ರಾತ್ರಿ ಮೇನ್ ರೋಡಿಂದ ಮೂರನೇ ಬೀದಿ ತನಕ ನಾನೇ ನಡೆದು ಬಂದೆ, ಹದಿನಾಲ್ಕು ಕಂಬದಲ್ಲಿ ಒಂಬತ್ತು ಉರಿಯಲ್ಲ.

ಬತ್ತದಬೋರು

ನಾನು ಬರೀ ನೀರಿನ ಬಗ್ಗೆ ಹೇಳ್ತೀನಿ, ಮಿಕ್ಕಿದ್ದು ಬೇರೆಯೋರು ಹೇಳವ್ರೆ. ಟೊಮೆಟೊ, ಕ್ಯಾಪ್ಸಿಕಂ ಬೆಳೀತೀನಿ, ಮೂರೂವರೆ ಎಕರೆ. ನಮ್ಮಪ್ಪನ ಕಾಲದಲ್ಲಿ ಬಾವಿ, ನನ್ನ ಕಾಲದಲ್ಲಿ ಬೋರು 1200 ಅಡಿ ಹೋಗಿ ಧೂಳು ಬಂತು, ಒಟ್ಟು ಐದು ಬೋರು ಫೇಲು, ಹೆಂಡ್ತಿ ಮಾಂಗಲ್ಯದ ಸರ ಬಿಟ್ಟು ಮಿಕ್ಕಿದ ಒಡವೆ ಎಲ್ಲಾ ಬ್ಯಾಂಕಲ್ಲಿತ್ತು. 2018ರ ಜೂನಲ್ಲಿ ಕೆ.ಸಿ. ವ್ಯಾಲಿ ನೀರು ಮೊದ್ಲು ಲಕ್ಷ್ಮೀಸಾಗರ ಕೆರೆಗೆ ಬಂತು, ನೊರೆ ಬಂತು ಅಂತ ಗಲಾಟೆ ಆಯ್ತು, ಕೋರ್ಟಿಗೆ ಹೋಯ್ತು, ಸುಪ್ರೀಂ ಕೋರ್ಟ್ ತನಕ ಹೋಗಿ ಮತ್ತೆ ಶುರುವಾಯ್ತು. ನಮ್ಮ ಕೆರೆಗೆ ನೀರು ನಿಂತ ಎರಡ್ನೇ ವರ್ಷಕ್ಕೆ ಕೈ ಬಿಟ್ಟಿದ್ದ ಒಂದು ಬೋರಲ್ಲಿ ನೀರು ಎದ್ದಿತು, ಆವತ್ತು ನಾನು ಪೈಪ್ ಬಾಯಿಗೆ ಕೈ ಒಡ್ಡಿ ಸುಮಾರು ಹೊತ್ತು ಕೂತಿದ್ದೆ.

ಅದಕ್ಕೇ ಭಯಾನೂ ಜಾಸ್ತಿ. ಆ ನೀರು ಭೂಮಿಗೆ ಇಂಗಿಸೋಕೆ ಮಾತ್ರ, ಕೆರೆಯಿಂದ ನೇರ ಮೋಟಾರ್ ಇಟ್ಟು ಹೊಲಕ್ಕೆ ಎತ್ತಬಾರ್ದು, ಕುಡೀಬಾರ್ದು. ಎರಡು ಹಂತ ಸಾಕಾಗಲ್ಲ, ಮೂರನೇ ಹಂತ ಶುದ್ಧೀಕರಣ ಬೇಕು ಅಂತ ಈ ಜಿಲ್ಲೇಲಿ ಎಷ್ಟು ವರ್ಷದಿಂದ ಹೋರಾಟ ನಡೀತಾ ಐತೆ ಎಲ್ರಿಗೂ ಗೊತ್ತು. ಆ ಹೋರಾಟಕ್ಕೆ ನಾನೂ ಹೋಗಿದೀನಿ. ಈಗ ಅದೇ ಕೆರೆಗೆ ನಮ್ಮೂರ ಪಿಜಿ ಕಕ್ಕಸಿನ ನೀರು ಬಿಟ್ಕೊಂಡು ಬೆಂಗಳೂರಿನೋರನ್ನ ಮೂರನೇ ಹಂತ ಮಾಡಿ ಅಂತ ಕೇಳೋಕೆ ನಮಗೆ ಯಾವ ಬಾಯೈತೆ?

ಎತ್ತಿನಹೊಳೆ ಯೋಜನೆ ನೀರು ಬಂದ್ಮೇಲೆ ಎಲ್ಲಾ ಸರಿ ಹೋಗುತ್ತೆ ಅಂತ ಸಭೇಲಿ ಒಬ್ರಾದ್ರೂ ಹೇಳ್ತಾರೆ, ನೋಡ್ಕೊಳ್ಳಿ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಗಿದ್ದು, 2024ರ ಸೆಪ್ಟೆಂಬರಲ್ಲಿ ಸಕಲೇಶಪುರದ ಕಡೆ ಮೊದಲ್ನೇ ಹಂತ ಚಾಲೂ ಮಾಡಿದ್ರು. ಹತ್ತು ವರ್ಷ. ಬರಲಿ, ನಾನೂ ಕಾಯ್ತೀನಿ, ಆದ್ರೆ ಅದನ್ನ ಹೇಳ್ಕೊಂಡು ಇರೋ ಕೆರೆ ಹಾಳು ಮಾಡ್ಬೇಡಿ. ನನ್ನ ಓಟು ಚರಂಡಿ ನೀರಿಗೆ.

ನಂದಿಬೆಟ್ಟದ_ತಪ್ಪಲು

ಚಿಕ್ಕಬಳ್ಳಾಪುರದಿಂದ. ಒಂದು ವಿಷ್ಯ ಯಾರೂ ಹೇಳಿಲ್ಲ, ಕಕ್ಕಸು ಗುಂಡಿ ತುಂಬಿದ್ರೆ ಸಕ್ಕಿಂಗ್ ಗಾಡಿ ಬರುತ್ತಲ್ಲ, ಅದು ಎಳ್ಕೊಂಡಿದ್ದನ್ನ ಎಲ್ಲಿ ಸುರಿಯುತ್ತೆ ಅಂತ ನೋಡಿದೀರಾ? ನಮ್ಮ ಕಡೆ ರಾತ್ರಿ ಹೊತ್ತು ಕಾಲುವೆಗೇ ಬಿಡ್ತಿದ್ರು. ದೇವನಹಳ್ಳೀಲಿ ಇದಕ್ಕೇ ಅಂತ ಒಂದು ಮಲತ್ಯಾಜ್ಯ ಶುದ್ಧೀಕರಣ ಘಟಕ 2015ರಿಂದ ಇದೆ, ಗಾಡಿಯೋರು ಅಲ್ಲಿ ತಂದು ಸುರೀತಾರೆ, ಒಣಗಿಸಿ ಗೊಬ್ಬರ ಮಾಡ್ತಾರೆ. ಒಳಚರಂಡಿ ಹಾಕೋಷ್ಟು ದುಡ್ಡು ನಿಮ್ಮ ಪಂಚಾಯತಿ ಹತ್ರ ಇರಲ್ಲ, ಆದ್ರೆ ನಾಲ್ಕೈದು ಪಂಚಾಯತಿ ಸೇರಿ ಇಂಥದ್ದೊಂದು ಕೇಳ್ಬಹುದು. ನಿಮ್ಮೂರಿಂದ ದೇವನಹಳ್ಳಿ ದೂರ ಏನಿಲ್ಲ, ಪಿಡಿಒನ ಕರ್ಕೊಂಡು ಒಂದು ದಿನ ಹೋಗಿ ನೋಡ್ಕೊಂಡು ಬನ್ನಿ.

ಮಾಲೂರು_ಮಾಜಿಮೆಂಬರ್

ಇವ್ರು ಹೇಳಿದ್ದು ಬಹಳ ಸರಿ. ಅದಕ್ಕೆ ಒಂದು ಸೇರಿಸ್ತೀನಿ. ಸಣ್ಣ ಮನೆಗಳಿಗೆ ಬಚ್ಚಲುಗುಂಡಿ ಸಾಕು, ನಾಲ್ಕು ಜನದ ಸ್ನಾನದ ನೀರು, ಪಾತ್ರೆ ತೊಳೆದ ನೀರು ಅದರಲ್ಲೇ ಇಂಗುತ್ತೆ, ನಮ್ಮ ಪಂಚಾಯತೀಲಿ ನರೇಗಾದಲ್ಲಿ ಎಷ್ಟೋ ಮಾಡಿದ್ವಿ. ಆದ್ರೆ ನಲವತ್ತು ಜನ ಇರೋ ಪಿಜಿಗೆ ಬಚ್ಚಲುಗುಂಡಿ ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಂಥೋರಿಗೆ ಕಟ್ಟೋ ಮುಂಚೆ ಪಂಚಾಯತಿ ಲೈಸೆನ್ಸ್ ಕೊಡೋವಾಗ್ಲೇ ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕ್ ಸೈಜು ಕೇಳ್ಬೇಕು, ಇಲ್ದಿದ್ರೆ ಲೈಸೆನ್ಸ್ ಇಲ್ಲ ಅನ್ಬೇಕು. ಈಗ ಇರೋರಿಗೆ ಆರು ತಿಂಗಳು ಟೈಮ್ ಕೊಡಿ, ಒಂದೇ ದಿನ ಬಾಗಿಲು ಹಾಕ್ಸೋಕೆ ಹೋದ್ರೆ ಪಾವಗಡದ ಮಗು ತರದೋರು ಬೀದಿಗೆ ಬೀಳ್ತಾರೆ.

ಇನ್ನ ಪಂಚಾಯತಿ ಕೈಲಾಗಲ್ಲ, ಜಿಲ್ಲಾ ಪಂಚಾಯತೀಲಿ ಕೇಳ್ಬೇಕು ಅನ್ನೋ ಕೆಲ್ಸಗಳಿಗೆ ಒಂದು ಕಷ್ಟ ಐತೆ. 2016ರಲ್ಲಿ ಜಿಲ್ಲಾ ಪಂಚಾಯತಿ ತಾಲೂಕು ಪಂಚಾಯತಿ ಚುನಾವಣೆ ಆಗಿದ್ದು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆನೇ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ಮೊದ್ಲು ನಮ್ಮ ಕ್ಷೇತ್ರದ ಸದಸ್ಯರ ಮನೆ ಮುಂದೆ ಬೆಳಿಗ್ಗೆ ಏಳಕ್ಕೆ ಹೋಗಿ ನಿಲ್ತಿದ್ವಿ, ಬೈಯೋಕಾದ್ರೂ ಒಂದು ಮುಖ ಇತ್ತು. ಅದಕ್ಕೇ ಹೇಳಿದ್ದು, ಬಾಯಿ ಮಾತಲ್ಲಿ ಬೇಡ, ಠರಾವು ಬರೆಸಿ, ಓದಿ ಕೇಳಿ, ಆಮೇಲೆ ಸಹಿ ಹಾಕಿ, ಕಾಪಿ ಕೈಗೆ ತಗೊಂಡೇ ಮನೆಗೆ ಬನ್ನಿ. ಕಾಪಿ ಇಲ್ದಿದ್ರೆ ಆ ಸಭೆ ಆದಂಗೇ ಅಲ್ಲ.

ಕೆರೆಏರಿ_ಕೋಲಾರ

ಎಲ್ರಿಗೂ ಮನಸಾರೆ ಧನ್ಯವಾದ. ಇದನ್ನೆಲ್ಲಾ ಫೋನಲ್ಲಿ ಅರಳಿಕಟ್ಟೇಲಿ ಓದಿ ಹೇಳ್ದೆ, ಸಿಸಿ ರೋಡ್ ಅಂತಿದ್ದ ನಮ್ಮ ಚಿಕ್ಕಪ್ಪ ಮಾಜಿ ಮೆಂಬರ್ ಸಾರ್ ರೋಡಿನ ಕತೆ ಕೇಳಿ ಸುಮ್ನಾದ್ರು, ಆಮೇಲೆ ಅವ್ರೇ ಹೇಳಿದ್ರು, ಪೈಪು ಚರಂಡಿ ಆಗೋತನಕ ನಂದು ಬೇಡ ಬಿಡು ಅಂತ.

ಮನೆ ಎಣಿಸೋದು ಶುರು ಮಾಡಾಯ್ತು. ಎರಡು ಬೀದಿ ಮುಗಿದೈತೆ, ನಾವು ಅಂದ್ಕೊಂಡಿದ್ದಕ್ಕಿಂತ ಜನ ಬಹಳ ಜಾಸ್ತಿ ಅವ್ರೆ. ಗುಂಡಿ ಇಲ್ದೆ ನೇರ ಚರಂಡಿಗೆ ಬಿಟ್ಟಿರೋ ಮನೆ ಎಷ್ಟು ಅಂತ ಬರೆದ ಸಾಲಲ್ಲಿ ನಮ್ಮ ದೊಡ್ಡಪ್ಪನ ಮನೇನೂ ಐತೆ, ಹೋಗಿ ಹೇಳ್ದೆ, ಕೋಪ ಮಾಡ್ಕೊಂಡವ್ರೆ, ಎರಡು ದಿನದಿಂದ ಮಾತಾಡ್ತಿಲ್ಲ. ಪುಸ್ತಕದಿಂದ ಅಳಿಸಲ್ಲ ನಾನು.

ಕಾಲುವೆ ನಡೆಯೋದು ಬರೋ ಭಾನುವಾರ, ನಕ್ಷೆ ಕಾಪಿಗೆ ಅರ್ಜಿ ಹಾಕಿದೀನಿ. ಹದ್ದುಬಸ್ತು ಅಣ್ಣ, ಬಿಡುವಿದ್ರೆ ನೀವೂ ಬನ್ನಿ, ಊಟ ನಮ್ಮ ಮನೇಲಿ, ಮುದ್ದೆ ಬಸ್ಸಾರು. ಒಂಬತ್ತು ಬಲ್ಬಿನ ವಿಷ್ಯ ಸಭೆ ತನಕ ಕಾಯಲ್ಲ, ಕಂಬದ ನಂಬರ್ ಬರೆದು ನಿನ್ನೇನೇ ಪಂಚಾಯತಿಗೆ ಕೊಟ್ಟೆ, ಸ್ವೀಕೃತಿ ಸೀಲ್ ಹಾಕ್ಸ್ಕೊಂಡೆ.

ಮೂರನೇ ಬೀದಿ ಪಿಜಿ ಹುಡುಗೀರಿಗೂ ಸಭೆ ದಿನ ಹೇಳ್ಬಂದೆ. ಓಟಿಲ್ದೋರು ಕೈ ಎತ್ತೋಕಾಗಲ್ಲ, ಆದ್ರೆ ಬಂದು ಹೇಳೋಕೆ ಯಾರ ಅಪ್ಪಣೆ ಬೇಕು. ಸೆಕೆಂಡ್ ಶಿಫ್ಟಿನೋರು ಬರ್ತೀವಿ ಅಂದವ್ರೆ, ಅವ್ರು ಮಧ್ಯಾಹ್ನ ಬಸ್ಸಿಗೆ ಹೊರಡ್ಬೇಕಂತೆ, ಅದಕ್ಕೆ ಸಭೇನ ಸಾಯಂಕಾಲ ಬೇಡ, ಬೆಳಿಗ್ಗೆ ಹತ್ತಕ್ಕೆ ಇಡಿ ಅಂತ ಕೇಳೋಕೆ ನಾಳೆ ಪಿಡಿಒ ಹತ್ರ ಹೋಗ್ತಿದೀನಿ.